ನೆತ್ತರುಗೊಡಗೆ

ಕನ್ನಡನಾಡಿನಲ್ಲಿ ಹೊಲದ ಬದುವಿನಲ್ಲಿಯೋ ಗುಡಿಯ ಮಗ್ಗುಲಲ್ಲಿಯೋ ನಿಂತ ವೀರಗಲ್ಲನ್ನು ಕಾಣದವರು ವಿರಳ. ಕೆಳಗೆ ಕಾಳಗ, ನಡುವೆ ದೇವಕನ್ನಿಕೆಯರು, ಮೇಲೆ ಶಿವಸನ್ನಿಧಿ; ಶಿಲ್ಪವನ್ನು ಮೆಚ್ಚಿ ನಾವು ಮುಂದೆ ನಡೆಯುವೆವು. ಆದರೆ ನಮ್ಮ ಹಿರಿಯರು ಮಡಿದವನನ್ನು ಸ್ವರ್ಗಕ್ಕೆ ಕಳುಹಿಸಿ ಕೈತೊಳೆದುಕೊಂಡವರಲ್ಲ. ಅವನ ಮನೆಯವರಿಗೆ ಭೂಮಿಯನ್ನೂ ಬಿಡುತ್ತಿದ್ದರು. ಆ ದತ್ತಿಗೆ ನೆತ್ತರುಗೊಡಗೆಯೆಂದು ಹೆಸರು. ಎಷ್ಟು ನೇರವಾದ ಮಾತು!

ಸೋಮನಹಳ್ಳಿಯಿರುವ ಮದ್ದೂರು ತಾಲ್ಲೂಕಿನಲ್ಲಿಯೇ ಆತಕೂರು ಉಂಟು. ಅಲ್ಲಿಯ ಶಾಸನವು ವಿಲಕ್ಷಣವಾದುದು. 949ರ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಕಾಳಗದಲ್ಲಿ ಶೌರ್ಯವನ್ನು ಮೆರೆದ ಮಣಲೇರನು ಒಡೆಯನಲ್ಲಿ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತುವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಒಂದು ಕಟ್ಟಳೆಯನ್ನೂ ಮಾಡಿದರು: ಅಲ್ಲಿಯ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಲಾಗದು, ಉಂಡರೆ ನಾಯಿಯ ಪಾಪವು ಅವನಿಗೆ.

ನೆನಪನ್ನು ಹೊಗಳಿಕೆಗೆ ಬಿಡದೆ ಒಬ್ಬನ ನಿತ್ಯದ ಅನ್ನಕ್ಕೆ ಕಟ್ಟಿದ ಜಾಣತನವಿದು. ಯುದ್ಧದ ಬಹುಮಾನವಾಗಿ ಬಂದ ನಾಯಿಗೇ ಇಷ್ಟಾದರೆ, ಕಾದಿ ಮಡಿದ ಆಳಿನ ಋಣವನ್ನು ಅವರು ಎಷ್ಟೆಂದು ಬಗೆದಿರಬೇಕು?

ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದಕ್ಕಾಗಿ ತುತ್ತನ್ನು ತಡೆದು ಕೂರುವ ಗೊರವನು ಅಲ್ಲಿಲ್ಲ.