ಉಬ್ಬಿದ ಹಲಗೆ ಬಿಸಿಲಿಗೆ ಇಳಿಯುವುದಿಲ್ಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳಿಗೂ ಈಗ ಕಪಾಟು ರಟ್ಟಿನ ಡಬ್ಬಿಯಲ್ಲಿ ಬಿಡಿ ಹಲಗೆಗಳಾಗಿ ಬರುತ್ತದೆ. ಬಾಗಿಲು ಜೋತುಬಿದ್ದ ದಿನ ಕೇಳುವ ಮಾತು ಒಂದೇ: ‘ಬರೇ ಕಟ್ಟಿಗಿ ಪುಡಿ ಐತ್ರಿ, ರಿಪೇರಿ ಆಗೂದಿಲ್ಲ, ಒಗದ ಬಿಡ್ರಿ.’

ಪುಡಿ ಎನ್ನುವುದು ಬಹುಮಟ್ಟಿಗೆ ನಿಜ. ಕಟ್ಟಿಗೆಯ ಚೂರುಗಳಿಗೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಬೆರೆಸಿ, ಬಿಸಿ ಒತ್ತಡದಲ್ಲಿ ಅದುಮಿದರೆ ಪಾರ್ಟಿಕಲ್ ಬೋರ್ಡ್. ಎಂ.ಕೆ. ಹುಬ್ಬಳ್ಳಿಯಂಥ ಕಡೆ ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯಿಂದಲೂ ಇದನ್ನು ಮಾಡಬಹುದು; ಭಾರತೀಯ ಮಾನಕ ಐಎಸ್ 3087 ಕಟ್ಟಿಗೆಯ ಜೊತೆಗೆ ಇಂಥ ನಾರಿನ ವಸ್ತುಗಳನ್ನೂ ಒಪ್ಪುತ್ತದೆ. ಆದರೆ ರಿಪೇರಿ ಆಗದೆಂಬ ಮಾತು ತಪ್ಪು. ಮಾಡುವ ರೀತಿ ಮಾತ್ರ ಸಾಗವಾನಿಯದ್ದಲ್ಲ.

ಸ್ಕ್ರೂ ಸಡಿಲಾದರೆ ಇನ್ನೂ ದಪ್ಪನೆಯದನ್ನು ತಿರುಗಿಸುವುದು, ಇಲ್ಲವೇ ಮೊಳೆ ಹೊಡೆಯುವುದು ನಮ್ಮ ರೂಢಿ. ಹಲಗೆ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಇದರ ಎರಡೂ ಮೈ ಗಟ್ಟಿ, ನಡುಭಾಗ ಸಡಿಲು. ದಪ್ಪ ಸ್ಕ್ರೂ ಆ ನಡುಭಾಗವನ್ನು ಸೀಳುತ್ತದೆ. ಸಡಿಲಾದ ತೂತನ್ನು 8 ಮಿ.ಮೀ. ಡ್ರಿಲ್‌ನಿಂದ ಅಗಲಿಸಿ, ಪುಡಿಯನ್ನು ಊದಿ ತೆಗೆದು, ಅಷ್ಟೇ ದಪ್ಪದ ಕಟ್ಟಿಗೆಯ ಗೂಟಕ್ಕೆ ಫೆವಿಕಾಲ್ ಹಚ್ಚಿ ಕೂಡಿಸಿ. ಒಂದು ದಿನ ಮುಟ್ಟಬೇಡಿ. ಆಮೇಲೆ ಗೂಟದ ನಡುವೆ ಸ್ಕ್ರೂಗಿಂತ ಸಣ್ಣ ತೂತು ಕೊರೆದು, ಹಳೆಯ ಸ್ಕ್ರೂವನ್ನೇ ಕೈಯಿಂದ ತಿರುಗಿಸಿ. ಈಗ ಅದು ಕಚ್ಚುವುದು ಪುಡಿಯನ್ನಲ್ಲ, ಕಟ್ಟಿಗೆಯನ್ನು.

ಫೆವಿಕಾಲ್ ಎಲ್ಲಿ ಬೇಕಾದರೂ ಹಿಡಿಯುತ್ತದೆ ಎಂಬ ನಂಬಿಕೆಯೂ ಇದೆ. ಸನ್ಮೈಕಾದಂಥ ನುಣುಪು ಮೈಯಲ್ಲಿ ಅದು ಹಿಡಿಯುವುದಿಲ್ಲ. ಹಲಗೆಯ ಒರಟು ಮೈ ಕಾಣುವವರೆಗೆ ಕೆರೆದು ಹಚ್ಚಬೇಕು, ಒಣಗುವವರೆಗೆ ಬಿಗಿಯಾಗಿ ಒತ್ತಿ ಕಟ್ಟಬೇಕು.

ಹಿಂಬದಿಯ ತೆಳು ಹಾಳೆ ಧೂಳು ತಡೆಯಲಿಕ್ಕೆ ಎಂದುಕೊಂಡು, ಮನೆ ಬದಲಿಸುವಾಗ ಕಿತ್ತೆಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಪಾಟು ಪಕ್ಕಕ್ಕೆ ವಾಲದಂತೆ ಹಿಡಿದಿಡುವುದೇ ಆ ಹಾಳೆ. ಅದಿಲ್ಲದಿದ್ದರೆ ಬಾಗಿಲು ತೆರೆದಾಗಲೆಲ್ಲ ಮೂಲೆಗಳ ಜೋಡಣೆ ಅಲುಗಾಡಿ ಸ್ಕ್ರೂಗಳು ಒಂದೊಂದಾಗಿ ಸಡಿಲಾಗುತ್ತವೆ. ಕಪಾಟು ತೂಗಾಡುತ್ತಿದ್ದರೆ ಮೊದಲು ಹಿಂದೆ ನೋಡಿ. ನಾಲ್ಕೂ ಮೂಲೆ ನೇರ ಮಾಡಿ, ಹಾಳೆಯನ್ನು ಸುತ್ತಲೂ ಸಣ್ಣ ಮೊಳೆಗಳಿಂದ ಕೂಡಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ನಾನು ಧೈರ್ಯ ಹೇಳಲಾರೆ. ಮಳೆಗಾಲದ ತೇವ, ದಿನವೂ ನೆಲ ಒರೆಸುವ ನೀರು ಕೆಳಗಿನ ಅಂಚಿನಿಂದ ಏರುತ್ತವೆ. ಅದುಮಿಟ್ಟ ಚೂರುಗಳು ಹಿಗ್ಗಿ ಅಂಟಿನ ಹಿಡಿತ ಬಿಟ್ಟಮೇಲೆ, ಬಿಸಿಲಿಗಿಟ್ಟರೆ ನೀರು ಆರೀತು, ಉಬ್ಬು ಪೂರ್ತಿ ಇಳಿಯದು. ಆ ಒಂದು ಹಲಗೆಯನ್ನು ಬದಲಿಸುವುದೇ ದಾರಿ. ಹೊಸದರ ಕೊಯ್ದ ಅಂಚುಗಳಿಗೆಲ್ಲ ವಾರ್ನಿಶ್ ಹಚ್ಚಿ, ಅಡಿಗೆ ಪ್ಲಾಸ್ಟಿಕ್ ಬುಷ್ ಹಾಕಿ ನೆಲದಿಂದ ಎತ್ತಿರಿಸಿ, ಗೋಡೆಯಿಂದ ಎರಡು ಬೆರಳು ದೂರ ನಿಲ್ಲಿಸಿ.

ಅಂಟು ಇರುವುದರಿಂದ ಗೆದ್ದಲು ಮುಟ್ಟದು ಎಂಬುದೂ ಸುಳ್ಳು. ಮದ್ದು ಸೇರಿಸದ ಹಲಗೆಯನ್ನು ಗೆದ್ದಲು ತಿನ್ನುತ್ತದೆ.

ಕೊನೆಗೆ, ಮುರಿದ ಹಲಗೆ ಬಚ್ಚಲ ಒಲೆಗಾದರೂ ಆದೀತು ಎನ್ನುವವರಿಗೆ: ಬೇಡ. ಅಂಟು ಸುಟ್ಟರೆ ಫಾರ್ಮಾಲ್ಡಿಹೈಡ್ ಬರುತ್ತದೆ. ಅಂಚಿನ ಪಟ್ಟಿ ಪಿವಿಸಿಯದಾಗಿದ್ದರೆ ಹೈಡ್ರೋಜನ್ ಕ್ಲೋರೈಡ್ ಕೂಡ. ಎರಡೂ ಕಣ್ಣು, ಶ್ವಾಸಕ್ಕೆ ಕೆಟ್ಟವು. ಬಚ್ಚಲಲ್ಲಿ ಆ ಹೊಗೆ ಕುಡಿಯುವವರು ನೀರು ಕಾಯಿಸುವ ಅವ್ವ, ಸ್ನಾನಕ್ಕೆ ಕೂತ ಮಕ್ಕಳು.