ದಾಳದ ಆಟಕ್ಕೆ ಬಾದಾಮಿಯ ಬುತ್ತಿ

ಬಾದಾಮಿಯ ಮೂರನೇ ಗುಹೆಯ ಕಲ್ಲಿನಲ್ಲಿ ಊಟದ ನಿಯಮವೊಂದು ಕೊರೆದಿದೆ. ಶಕ ವರ್ಷ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು ಚಾಲುಕ್ಯ ಕೀರ್ತಿವರ್ಮನ ತಮ್ಮ ಮಂಗಲೇಶ ಈ ವಿಷ್ಣು ಗುಹಾಲಯಕ್ಕೆ ಲಂಜೀಶ್ವರ ಎಂಬ ಊರನ್ನು ದತ್ತಿ ಬಿಟ್ಟ. ಅದರ ಹುಟ್ಟುವಳಿ ಹೇಗೆ ಸಲ್ಲಬೇಕೆಂಬುದನ್ನೂ ಬರೆಸಿದ. ಮೊದಲು ನಾರಾಯಣನಿಗೆ ನೈವೇದ್ಯ, ದಿನವೂ ಹದಿನಾರು ಬ್ರಾಹ್ಮಣರಿಗೆ ಸತ್ರ, ಮಿಕ್ಕಿದ್ದು ಊರೂರು ಅಲೆಯುವ ಪರಿವ್ರಾಜಕರಿಗೆ. ಮೊದಲ ತುತ್ತು ಯಾರದು, ಪಂಕ್ತಿಯಲ್ಲಿ ಎಷ್ಟು ಮಂದಿ, ಉಳಿದದ್ದು ಯಾರಿಗೆ ಎಂಬ ಮೂರೂ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಇದೇ ಮೂರು ಪ್ರಶ್ನೆ ಇವತ್ತಿನ ಒಂದು ಆಟಕ್ಕೂ ಬೇಕಾಗಿವೆ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ವೀರ, ಮಂತ್ರವಾದಿ, ಕಳ್ಳ ಹೀಗೆ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಏನಾಯಿತೆಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಾಡು, ಬೆಟ್ಟ, ಪಾಳುಗುಡಿ ಅಲೆಯುವ ಈ ತಂಡಕ್ಕೆ ಹಸಿವಾಗಲೇಬೇಕಲ್ಲ? ಅದಕ್ಕೂ ಲೆಕ್ಕ ಇಟ್ಟಿದ್ದಾರೆ. 2014ರ ಆವೃತ್ತಿಯ ಪ್ರಕಾರ ಪಾತ್ರವೊಂದಕ್ಕೆ ದಿನಕ್ಕೆ ಒಂದು ಪೌಂಡ್ ಆಹಾರ ಸಾಕು. ಮೂರು ದಿನದ ಜೊತೆಗೆ ಅದರ ಮೈಕಟ್ಟಿನ ಮಾರ್ಪಾಡು ಅಂಕದಷ್ಟು (ಮಾಡಿಫೈಯರ್) ದಿನ ಉಪವಾಸ ತಡೆದೀತು; ಅದು ದಾಟಿದರೆ ದಿನಕ್ಕೊಂದು ಮೆಟ್ಟಿಲು ಬಳಲಿಕೆ ಏರುತ್ತದೆ. ದಾರಿಯ ಬುತ್ತಿ ಎಂದರೆ ಒಣಮಾಂಸ, ಒಣಹಣ್ಣು, ಗಟ್ಟಿ ಬಿಸ್ಕತ್ತು, ಬೀಜಗಳು.

ಹಬ್ಬದೂಟಕ್ಕೂ ಅಲ್ಲೊಂದು ಮಂತ್ರವಿದೆ, ಹೆಸರು ‘ಹೀರೋಸ್ ಫೀಸ್ಟ್’. ಹನ್ನೆರಡು ಮಂದಿ ಒಂದು ತಾಸು ಕೂತು ಉಂಡರೆ ಮುಂದಿನ 24 ತಾಸು ವಿಷ ಏರದು, ಭಯ ತಟ್ಟದು, ಪ್ರಾಣಬಲ ಹೆಚ್ಚುತ್ತದೆ. 2020ರಲ್ಲಿ ಇದೇ ಹೆಸರಿನ ಅಡುಗೆ ಪುಸ್ತಕವೂ ಬಂತು. ಆದರೂ ಈ ನಿಯಮಗಳು ಹೆಚ್ಚಾಗಿ ತೂಕ ಮತ್ತು ಲಾಭದ ಸುತ್ತಲೇ ಸುತ್ತುತ್ತವೆ. ಯಾರು ಬಡಿಸಿದರು, ಯಾರ ಪಕ್ಕ ಯಾರು ಕೂತರು, ಉಂಡವರ ಮೇಲೆ ಯಾವ ಋಣ ಬಿತ್ತು ಎಂಬುದಕ್ಕೆ ಅಂಕವಿಲ್ಲ. ಅದನ್ನು ಕಟ್ಟಿಕೊಡಬಲ್ಲ ಸಾಮಗ್ರಿ ಮಲಪ್ರಭೆಯ ದಂಡೆಯಲ್ಲಿ ರಾಶಿ ಬಿದ್ದಿದೆ.

ಬುತ್ತಿಯಿಂದಲೇ ಶುರು ಮಾಡಬಹುದು. ಗಟ್ಟಿ ಬಿಸ್ಕತ್ತಿನ ಜಾಗಕ್ಕೆ ಖಡಕ್ ಜೋಳದ ರೊಟ್ಟಿ ಬರಲಿ. ತೆಳ್ಳಗೆ ಬಡಿದು, ಸುಟ್ಟು, ನೀರಿನಂಶ ಪೂರ್ತಿ ಆರಿಸಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಒಣಹಣ್ಣು, ಬೀಜಗಳ ಬದಲಿಗೆ ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟು: ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಗೋಡಂಬಿ, ಒಣಕೊಬ್ಬರಿ ಸೇರಿದ ಈ ತಿಂಡಿಯ ಒಂದು ತುಂಡು ತಿಂದರೆ ನಡೆಯುವವನಿಗೆ ಬಲ ಬರುತ್ತದೆ. ಅಮೀನಗಡದಿಂದ ಐಹೊಳೆ ದೂರವಿಲ್ಲ. ‘ಐಹೊಳೆ ಐನೂರ್ವರು’ ಎಂಬ ವರ್ತಕ ಸಂಘದ ಹೆಸರಿಗೆ ಕಾರಣವಾದ ಊರದು. ಸುಮಾತ್ರಾದ ಬಾರುಸ್‌ನಲ್ಲಿ ಸಿಕ್ಕ 1088ರ ಶಾಸನದಲ್ಲೂ ಆ ಸಂಘದ ಹೆಸರಿದೆ. ತಿಂಗಳುಗಟ್ಟಲೆ ದಾರಿ ಸವೆಸುವ ಸಾಹಸಿ ತಂಡಕ್ಕೆ ಇವರಿಗಿಂತ ಒಳ್ಳೆಯ ಮಾದರಿ ಬೇರೆಡೆ ಹುಡುಕಬೇಕಿಲ್ಲ.

ಹಬ್ಬದೂಟಕ್ಕೆ ಬಾದಾಮಿ ಬಳಿಯ ಬನಶಂಕರಿ ಇದೆ. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆಸಿ ಲೋಕವನ್ನು ಉಳಿಸಿದ ಶಾಕಂಬರಿ ಅವಳು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ಅದಕ್ಕೂ ಮೊದಲು ಪಲ್ಯೇದ ಹಬ್ಬ, ದೇವಿಗೆ 108 ಬಗೆಯ ಪಲ್ಯದ ನೈವೇದ್ಯ. ಹೊರಗೆ ಆಸುಪಾಸಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಗಡಿಗೆಯಲ್ಲಿ ಕೆನೆಮೊಸರು ಇಟ್ಟುಕೊಂಡು ಬಂದವರಿಗೆ ಬಡಿಸುತ್ತಾರೆ. ಆಟದಲ್ಲಿ ಇದು ಇಡೀ ಒಂದು ಸಂಚಿಕೆಯಾಗಬಲ್ಲದು. ಮಳೆ ಕೈಕೊಟ್ಟ ವರ್ಷ, 108 ಪಲ್ಯ ಪೂರೈಸಬೇಕು, ಹನ್ನೊಂದು ಕಡಿಮೆ ಬಿದ್ದಿವೆ. ಯಾವ ಸೊಪ್ಪು ಯಾವ ಹಳ್ಳದ ದಂಡೆಯಲ್ಲಿದೆಯೋ ಹುಡುಕಿ ತರುವುದೇ ವೀರರ ಕೆಲಸ; ಕತ್ತಿಗಿಂತ ಕಾಡಿನ ತಿಳಿವಳಿಕೆಗೆ ಅಲ್ಲಿ ಹೆಚ್ಚು ಅಂಕ.

ಮೊದಲ ತುತ್ತಿನ ಪ್ರಶ್ನೆಗೆ ಎಳ್ಳಮಾಸಿಯ ಚರಗ ಬೇರೆಯೇ ಉತ್ತರ ಕೊಡುತ್ತದೆ. ರೈತರು ಮನೆಮಂದಿ, ನೆಂಟರು, ನೆರೆಯವರ ಜೊತೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜಿ ಕಡಬು, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳನ್ನು ಮೊದಲು ಬೆಳೆಗೆ ಚೆಲ್ಲುತ್ತಾರೆ. ಭೂಮಿತಾಯಿ ಉಂಡ ಮೇಲೆ ಮನುಷ್ಯರ ಸರದಿ.

ಋತುವಿನ ನಿಯಮ ಬೇಕೆಂದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಅವನ ‘ಮಾನಸೋಲ್ಲಾಸ’ದ ಅನ್ನಭೋಗ ಭಾಗ ಬೇಸಿಗೆಗೆ ಸಿಹಿಯಾದ ತಂಪು ಆಹಾರ, ಮಳೆಗಾಲಕ್ಕೆ ಉಪ್ಪಿನದು ಎಂದು ಋತುವಿಗೊಂದು ರುಚಿ ಹೇಳುತ್ತದೆ. ಇದನ್ನು ಹಾಗೆಯೇ ಆಟದ ಕೋಷ್ಟಕಕ್ಕೆ ಇಳಿಸಬಹುದು.

ಪಂಕ್ತಿಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಮಂಗಲೇಶನ ಸತ್ರ ವರ್ಣ ನೋಡಿ ಎಲೆ ಹಾಕಿತ್ತು. ಬಾದಾಮಿ ಸೀಮೆಯಿಂದ ಪಟ್ಟದಕಲ್ಲು, ಐಹೊಳೆ ಹಾದು ಹರಿಯುವ ಮಲಪ್ರಭೆ ಕೃಷ್ಣೆಯನ್ನು ಸೇರುವುದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ. ಸುಮಾರು ಆರು ನೂರು ವರ್ಷಗಳ ಬಳಿಕ ಅಲ್ಲಿ ಬೆಳೆದ ಬಸವಣ್ಣ ಕಲ್ಯಾಣಕ್ಕೆ ಹೋಗಿ, ದಾಸೋಹದಲ್ಲಿ ಆ ಎಲೆಗಳ ಅಂತರವನ್ನೇ ಅಳಿಸಿದ. ದುಡಿದದ್ದನ್ನು ಹಂಚು, ಉಣ್ಣುವವರ ಕುಲ ಕೇಳಬೇಡ: ಇಷ್ಟು ಗಟ್ಟಿಯಾದ ಆಟದ ನಿಯಮ ಯಾವ ಕೈಪಿಡಿಯಲ್ಲಿದೆ? ನಮ್ಮ ಕಾಲದಲ್ಲಿ ಇಳಕಲ್ಲಿನ ಮಠದ ಮಹಾಂತ ಶಿವಯೋಗಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಜೋಳಿಗೆ ಹಿಡಿದು ಜನರ ಕುಡಿತ, ತಂಬಾಕುಗಳನ್ನೇ ಭಿಕ್ಷೆಯಾಗಿ ಬೇಡಿದರು; ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಸಾಹಸದ ಕತೆಗಳು ಹೆಂಡದಂಗಡಿಯಲ್ಲೇ ಆರಂಭವಾಗುವ ಈ ಆಟಲೋಕದಲ್ಲಿ, ಪಾತ್ರವೊಂದು ತನ್ನ ಚಟವನ್ನು ಜೋಳಿಗೆಗೆ ಹಾಕಿ ಬಲ ಪಡೆಯುವ ಕ್ಷಣಕ್ಕೆ ಖಂಡಿತ ಜಾಗವಿದೆ.

ಬಾಗಲಕೋಟೆಯ ಕಾಲೇಜು ಹುಡುಗ ಹುಡುಗಿಯರು ಒಂದು ರವಿವಾರ ಕೂತರೆ ಈ ನಿಯಮಗಳು ಒಂದೇ ಹಾಳೆಯಲ್ಲಿ ಹಿಡಿಯುತ್ತವೆ. ರೊಟ್ಟಿಯ ಗಂಟು ಇದ್ದಷ್ಟು ದಿನ ಬಳಲಿಕೆ ಇಲ್ಲ. ಮೊದಲ ತುತ್ತು ನೆಲಕ್ಕೆ ಹಾಕಿದ ತಂಡಕ್ಕೆ ಆ ಸೀಮೆಯ ಕಾಡು ದಾರಿ ಬಿಡುತ್ತದೆ. ಅಪರಿಚಿತರನ್ನು ಪಂಕ್ತಿಗೆ ಕರೆದರೆ ಎಲ್ಲರ ಪ್ರಾಣಬಲ ಏರುತ್ತದೆ, ಕುಲ ಕೇಳಿದವರಿಗೆ ಆ ಲಾಭವಿಲ್ಲ. ಬಡಿಸಿದವರು ಕಡೆಗೆ ಉಣ್ಣುತ್ತಾರೆ. ಮುಂದಿನ ಸಂಕಟದಲ್ಲಿ ಮೊದಲ ದಾಳ ಅವರ ಕೈಗೆ.