ನೆನಪು ಬೇರೂರುವ ಬಗೆ

ಪಾಠವನ್ನೊಪ್ಪಿಸದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ, “ಈ ರಾತ್ರಿ ನೂರು ಸಲ ಓದಿಕೊಂಡು ಬಾ” ಎಂದು ಗದರಿಸುತ್ತಿದ್ದ ಉಪಾಧ್ಯಾಯರಲ್ಲಿ ನಾನೂ ಒಬ್ಬನು. ಮರುದಿನ ತಪ್ಪಿಲ್ಲದೆ ಒಪ್ಪಿಸಿದರೆ ನನಗೆ ತೃಪ್ತಿ; ತಿಂಗಳೊಳಗೆ ಮರೆತನೆಂದರೆ ಅವನದು ಮಂದಬುದ್ಧಿಯೆಂದು ನನ್ನ ತೀರ್ಮಾನ. ಹಾಗೆ ಬೈಸಿಕೊಂಡು ಒಬ್ಬನು ಶಾಲೆಯನ್ನೇ ಬಿಟ್ಟನು. ಈ ವಿಶ್ರಾಂತಿಯ ದಿನಗಳಲ್ಲಿ ನರಶಾಸ್ತ್ರದ ಗ್ರಂಥಗಳನ್ನು ನೋಡಿದ ಮೇಲೆ, ತಪ್ಪು ಯಾರದೆಂಬುದು ನನಗೆ ತಿಳಿಯಿತು.

ನಮ್ಮ ಮಿದುಳಿನಲ್ಲಿ ಸುಮಾರು ೮೬೦೦ ಕೋಟಿ ನರಕೋಶಗಳುಂಟು. ಒಂದರ ತುದಿಯು ಮತ್ತೊಂದನ್ನು ಸಮೀಪಿಸುವ ಸ್ಥಾನವೇ ನರಸಂಧಿ. ಅಲ್ಲಿ ಸಾಮಾನ್ಯವಾಗಿ ಅತಿಸೂಕ್ಷ್ಮವಾದ ಒಂದು ತೆರಪಿದ್ದು, ರಾಸಾಯನಿಕ ದ್ರವ್ಯವೊಂದು ಅದನ್ನು ದಾಟಿ ಸುದ್ದಿಯನ್ನು ಮುಟ್ಟಿಸುವುದು. ಕಲಿಕೆಯಿಂದ ಈ ಸಂಬಂಧಗಳೇ ಬೆಳೆಯುವುವೆಂದು ಸ್ಪೇನ್ ದೇಶದ ಕಹಾಲ್ ಎಂಬ ವಿದ್ವಾಂಸರು ೧೮೯೪ರಲ್ಲಿಯೇ ಊಹಿಸಿದ್ದರು.

ಆ ಊಹೆಗೆ ಪ್ರಮಾಣವನ್ನೊದಗಿಸಿದುದು ಅಪ್ಲೀಸಿಯವೆಂಬ ಕಡಲ ಹುಳು. ಬಸವನಹುಳುವಿನ ಜಾತಿಯ ಈ ಪ್ರಾಣಿಗೆ ಸುಮಾರು ೨೦,೦೦೦ ನರಕೋಶಗಳು ಮಾತ್ರ. ಕೆಲವಂತೂ ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಅಮೆರಿಕದ ಎರಿಕ್ ಕ್ಯಾಂಡೆಲ್ ಮತ್ತು ಅವರ ಸಂಗಡಿಗರು ಇದರ ಬಾಲಕ್ಕೆ ಒಮ್ಮೆ ವಿದ್ಯುತ್ತಿನ ಪೆಟ್ಟು ಕೊಟ್ಟರು. ಆಮೇಲೆ ಹಗುರವಾಗಿ ಸೋಕಿದರೂ ಅದು ತನ್ನ ಕಿವಿರನ್ನು ಬಲವಾಗಿ ಮುದುರಿಕೊಳ್ಳತೊಡಗಿತು. ಆದರೆ ಆ ಭಯವು ಸ್ವಲ್ಪ ಹೊತ್ತಿನಲ್ಲಿಯೇ ಅಳಿಯಿತು. ಬಿಡುವು ಕೊಟ್ಟು ಕೊಟ್ಟು ಕೆಲವು ದಿನ ಪೆಟ್ಟನ್ನು ಪುನರಾವರ್ತಿಸಿದಾಗಲಾದರೋ ಅದು ವಾರಗಟ್ಟಲೆ ನಿಂತಿತು.

ಇವೆರಡಕ್ಕೂ ಭೇದವೇನು? ಮೊದಲನೆಯದರಲ್ಲಿ ಇದ್ದ ಸಂಧಿಗಳೇ ತುಸು ಹೆಚ್ಚು ದ್ರವ್ಯವನ್ನು ಸುರಿಸುವುವು, ಅಷ್ಟೆ. ಎರಡನೆಯದರಲ್ಲಿ ಸುದ್ದಿಯು ಕೋಶದ ಗರ್ಭಕ್ಕೆ ಮುಟ್ಟಿ, ಹೊಸ ಪ್ರೋಟೀನುಗಳು ನಿರ್ಮಾಣಗೊಂಡು, ಹೊಸ ಸಂಧಿಗಳೇ ಚಿಗುರುವುವು. ಕ್ರೇಗ್ ಬೇಯ್ಲಿ ಮತ್ತು ಮೇರಿ ಚೆನ್ ಎಂಬವರು ೧೯೮೮ರಲ್ಲಿ ಪ್ರಕಟಿಸಿದ ಎಣಿಕೆಯು ಇದನ್ನು ಸ್ಪಷ್ಟಪಡಿಸಿತು: ಸ್ಪರ್ಶವನ್ನರಿಯುವ ಒಂದು ಕೋಶಕ್ಕೆ ಸುಮಾರು ೧೩೦೦ರಷ್ಟಿದ್ದ ನರಾಗ್ರಗಳು ಇಮ್ಮಡಿಗೂ ಮೀರಿ ಹೆಚ್ಚಿದ್ದುವು. ನಿರುಪದ್ರವವಾದ ಸ್ಪರ್ಶಕ್ಕೆ ಒಗ್ಗಿ ಉದಾಸೀನವಾದ ಹುಳುಗಳಲ್ಲಿ ಅವು ಕುಗ್ಗಿದ್ದುವು. ಈ ಬಗೆಯ ಶೋಧನೆಗಳಿಗಾಗಿ ಕ್ಯಾಂಡೆಲ್ ಅವರಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಹುಳುವಿನ ಮಾತು ಮನುಷ್ಯನಿಗೆ ಅನ್ವಯಿಸುವುದೇ ಎಂದು ವಾಚಕರು ಕೇಳಬಹುದು. ಬಿಡುವಿಟ್ಟು ಮಾಡಿದ ಆವೃತ್ತಿಯೇ ಮೇಲೆಂದು ಜರ್ಮನಿಯ ಎಬ್ಬಿಂಗ್‌ಹೌಸ್ ಅವರು ತಮ್ಮ ಮೇಲೆಯೇ ಪ್ರಯೋಗ ನಡೆಸಿ ೧೮೮೫ರಲ್ಲಿ ತೋರಿಸಿದ್ದರು. ಚಿಗುರಿಗೆ ಕಾಲಾವಕಾಶ ಬೇಕು. ಒಂದೇ ದಿನ ನೂರು ಕೊಡ ನೀರು ಸುರಿದರೆ ಗಿಡವು ಬೆಳೆಯುವುದುಂಟೆ?

ಆದುದರಿಂದ ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೆ. ನೂರು ಸಲದ ಪಾಠವನ್ನು ಹತ್ತು ದಿನಗಳಿಗೆ ಹಂಚಿರಿ; ಮಗುವು ಮರೆತರೆ ಗದರಿಸದೆ ಇನ್ನೊಮ್ಮೆ ಓದಿಸಿರಿ. ಶಾಲೆ ಬಿಟ್ಟ ಆ ಹುಡುಗನಿಗೆ ಇಷ್ಟು ಸೈರಣೆಯನ್ನು ನಾನು ತೋರಲಿಲ್ಲ.